ಪದಚರ್ಚೆ: ‘ರೆಮೊಂತಾದಾ’ಗೆ ನಮ್ಮಲ್ಲಿ ಏನಂತೀರಿ? ‘ಹತ್ತು’ ಹೊಂದೀತೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಕಾಲ್ಚೆಂಡಿನ ಆಟಕ್ಕೆ ಸಂಬಂಧಿಸಿದ್ದು. ಆಟ ನೋಡದವರೂ ದಯವಿಟ್ಟು ಕೊನೆಯವರೆಗೆ ಓದಿ. ನಾನು ಹುಡುಕುತ್ತಿರುವ ಪದ ಗದ್ದೆಯಲ್ಲೋ ಗರಡಿಯಲ್ಲೋ ನಿಮ್ಮ ಅಡುಗೆಮನೆಯಲ್ಲೋ ಆಗಲೇ ಬಳಕೆಯಲ್ಲಿ ಇರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯುರೋಪಿನ ಪಂದ್ಯಗಳ ಬಗ್ಗೆ ಆಗಾಗ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ನನ್ನ ರೂಢಿ. ಹೈಸ್ಕೂಲಿನಲ್ಲಿರುವ ಅಣ್ಣನ ಮಗ ಹೋದ ವಾರ ಕೇಳಿದ: “ಚಿಕ್ಕಪ್ಪಾ, ಸ್ಪೇನಿನವರು ರೆಮೊಂತಾದಾ ಅಂತಾರಲ್ಲ, ಅದಕ್ಕೆ ನಮ್ಮಲ್ಲಿ ಏನಂತಾರೆ?” ‘ಕಂಬ್ಯಾಕ್’ ಅಂತ ಬರೆದು ಕಳಿಸಿದೆ. “ಅದು ಇಂಗ್ಲಿಷಲ್ವಾ” ಅಂತ ಮರುಮಾತು ಬಂತು. ಅಲ್ಲಿಂದ ಶುರುವಾದ ಹುಡುಕಾಟ ಇದು.

ಹಿಂದೆ ಬಿದ್ದ ತಂಡವೊಂದು, ಇನ್ನೇನು ಮುಗೀತು ಅಂತ ನೋಡುವವರು ಟಿವಿ ಆರಿಸುವ ಹೊತ್ತಿಗೆ, ಅಂತರವನ್ನೆಲ್ಲ ತುಂಬಿ ಗೆದ್ದುಬಿಡುತ್ತದಲ್ಲ, ಅದು ರೆಮೊಂತಾದಾ. ಇಟಲಿಯವರು ಅದೇ ಬೇರಿನ ‘ರಿಮೊಂತಾ’ ಅನ್ನುತ್ತಾರೆ. ಜರ್ಮನರ ‘ಔಫ್‌ಹೋಲ್‌ಯಾಗ್ಡ್’ ಬೇರೆ ಬಗೆಯದು: ಮುಂದೆ ಹೋದವನನ್ನು ಬೆನ್ನಟ್ಟಿ ಹಿಡಿಯುವ ಬೇಟೆ. ಸ್ಪೇನಿನ ಪದದ ಹಿಂದಿರುವ ಕ್ರಿಯಾಪದ ‘ರೆಮೊಂತಾರ್’. ಏರುವುದು, ಮೇಲಕ್ಕೆ ಹೋಗುವುದು ಅನ್ನುವ ಅರ್ಥದ ಜೊತೆಗೆ ಹೊಳೆಯಲ್ಲಿ ಹರಿವಿಗೆ ಎದುರಾಗಿ ಸಾಗುವುದು ಅಂತಲೂ ಅದಕ್ಕೆ ಅರ್ಥವಿದೆ. ಈ ಕೊನೆಯ ಅರ್ಥವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇಂಥ ಪಂದ್ಯದ ಮರುದಿನ ಮೊದಲು ಕಾಣುವುದು ‘ತಿರುಗೇಟು’. ಅದು ಏಟಿಗೆ ಏಟು. ಒಂದು ಗೋಲು ಬಿಟ್ಟುಕೊಟ್ಟ ತಂಡ ಎರಡೇ ನಿಮಿಷದಲ್ಲಿ ತಾನೂ ಒಂದು ಹೊಡೆದರೆ ಆ ಪದ ಸರಿಯಾಗಿ ಕೂರುತ್ತದೆ. ರಾಜಕಾರಣಿಗಳ ಹೇಳಿಕೆ, ಪ್ರತಿಹೇಳಿಕೆಗಳಲ್ಲಿ ಸವೆದು ಅದಕ್ಕೆ ಸೇಡಿನ ವಾಸನೆಯೂ ಅಂಟಿಕೊಂಡಿದೆ. ಮೂರು ಗೋಲು ಹಿಂದಿದ್ದವರು ಎದುರಾಳಿಯ ಮೇಲೆ ಸೇಡಿಗೆ ಹೊರಟಿರುವುದಿಲ್ಲ, ಅವರ ಹೋರಾಟವೆಲ್ಲ ಗಡಿಯಾರದ ಜೊತೆ.

‘ಚೇತರಿಕೆ’ ಜ್ವರ ಬಿಟ್ಟವರದ್ದು. ಶೇರುಪೇಟೆಯೂ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡವರು ಮೊದಲಿದ್ದ ಸ್ಥಿತಿಗೆ ಮರಳುತ್ತಾರೆ ಅಷ್ಟೇ, ಅದರಾಚೆಗೆ ಆ ಪದ ಹೋಗುವುದಿಲ್ಲ. 2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ಮಿಲಾನ್ ಮತ್ತು ಲಿವರ್‌ಪೂಲ್ ನಡುವೆ ನಡೆದ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ಬುಗಳ ದೊಡ್ಡ ಕೂಟ) ಫೈನಲ್ ತೆಗೆದುಕೊಳ್ಳಿ. ಮೊದಲ ನಿಮಿಷದಲ್ಲೇ ಮಾಲ್ದೀನಿಯ ಗೋಲು, ಆಮೇಲೆ ಕ್ರೆಸ್ಪೊ ಎರಡು. ವಿರಾಮದ ಹೊತ್ತಿಗೆ ಮಿಲಾನ್ 3-0 ಮುಂದೆ. ಬಳಿಕ ಲಿವರ್‌ಪೂಲಿನ ಸರದಿ: 54ನೇ ನಿಮಿಷದಲ್ಲಿ ಜೆರಾರ್ಡ್ ತಲೆಯಿಂದ ಹೊಡೆದದ್ದು, 56ಕ್ಕೆ ಸ್ಮಿಟ್ಸರ್, 60ಕ್ಕೆ ಅಲೊನ್ಸೊ. ಅಲೊನ್ಸೊನ ಪೆನಾಲ್ಟಿಯನ್ನು ಮಿಲಾನಿನ ಗೋಲಿ ದಿದಾ ತಡೆದರೂ ಮರಳಿ ಬಂದ ಚೆಂಡನ್ನು ಅವನೇ ಒಳಗೆ ತಳ್ಳಿದ. ಈ ಆರು ನಿಮಿಷ ಬೇಕಾದರೆ ಚೇತರಿಕೆ ಅನ್ನಿ. ಆದರೆ ಲಿವರ್‌ಪೂಲ್ ಅಲ್ಲಿಗೆ ನಿಲ್ಲಲಿಲ್ಲ. ಹೆಚ್ಚುವರಿ ಸಮಯದ ಕೊನೆಯಲ್ಲಿ ಮಿಲಾನಿನ ಶೆವ್‌ಚೆಂಕೊನ ಎರಡು ಹೊಡೆತಗಳನ್ನು ಲಿವರ್‌ಪೂಲಿನ ಗೋಲಿ ಡುಡೆಕ್ ಬೆನ್ನುಬೆನ್ನಿಗೆ ತಡೆದು, ಶೂಟೌಟಿನಲ್ಲಿ (ಎರಡೂ ತಂಡ ಸರದಿಯಂತೆ ಪೆನಾಲ್ಟಿ ಹೊಡೆದು ತೀರ್ಮಾನಿಸುವಾಗ) ಶೆವ್‌ಚೆಂಕೊನದೇ ಕೊನೆಯ ಪೆನಾಲ್ಟಿಯನ್ನೂ ತಡೆದು ಕಪ್ ಗೆದ್ದುಕೊಟ್ಟನಲ್ಲ, ಅದಕ್ಕೆ ಏನನ್ನೋಣ?

‘ಪುನರಾಗಮನ’ ಇಲ್ಲಿಗೆ ಬೇಡವೇ ಬೇಡ. ಅದಕ್ಕೆ ಬೇರೆ ಕೆಲಸವಿದೆ. 2021ರ ಯುರೋ ಕೂಟದಲ್ಲಿ ಹೃದಯ ನಿಂತು ಮೈದಾನದಲ್ಲೇ ಕುಸಿದ ಡೆನ್ಮಾರ್ಕಿನ ಆಟಗಾರ ಕ್ರಿಸ್ತಿಯಾನ್ ಎರಿಕ್ಸನ್ ಮರುವರ್ಷ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಅಂಗಿ ತೊಟ್ಟು ಆಡಲು ಬಂದದ್ದು ಪುನರಾಗಮನ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿದೆ ಅಂತ ನಾವೂ ಎರಡನ್ನೂ ಕಲಸಬೇಕಾಗಿಲ್ಲ.

‘ಪುಟಿದೇಳು’ ಸಾಕಷ್ಟು ಹತ್ತಿರ ಬರುತ್ತದೆ. ಚೆಂಡಿನ ಆಟಕ್ಕೆ ಚೆಂಡಿನದೇ ಪದ ಅನ್ನುವ ಚಂದವೂ ಅದಕ್ಕಿದೆ. ನನ್ನ ತಕರಾರು ಒಂದೇ: ಚೆಂಡು ತಾನಾಗಿ ಪುಟಿಯುತ್ತದೆ. ನೆಲಕ್ಕೆ ಎಷ್ಟು ಜೋರಾಗಿ ಬಡಿದರೆ ಅಷ್ಟು ಮೇಲಕ್ಕೆ. ಅದರಲ್ಲಿ ದಣಿವು ಇಲ್ಲ, ಜಾರಿ ಬಿದ್ದು ಮತ್ತೆ ಏಳುವ ಪಾಡು ಇಲ್ಲ. ‘ಮಗುಚು’ ಅನ್ನೋಣವೇ ಅಂತಲೂ ಯೋಚಿಸಿದೆ. ಕಾವಲಿಯ ಮೇಲಿನ ದೋಸೆಯನ್ನು ಮಗುಚುತ್ತೇವಲ್ಲ, ಹಾಗೆ ಪಂದ್ಯವನ್ನು ಮಗುಚಿ ಹಾಕುವುದು. ಫಲಿತಾಂಶ ಪೂರ್ತಿ ಅಡಿಮೇಲಾಯಿತು ಅನ್ನುವುದು ಅದರಲ್ಲಿ ಬರುತ್ತದೆ. ಆದರೆ ದೋಸೆ ಮಗುಚುವುದಕ್ಕೆ ಒಂದು ಕ್ಷಣ ಸಾಕು.

ಈಗ ನನ್ನ ಮನಸ್ಸಿನಲ್ಲಿರುವ ಪದ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

2019ರ ಮೇ 1ರಂದು ಬಾರ್ಸಿಲೋನಾ ತನ್ನ ಅಂಗಳದಲ್ಲಿ ಲಿವರ್‌ಪೂಲನ್ನು 3-0ಯಿಂದ ಸೋಲಿಸಿತ್ತು. ಸುವಾರೆಸ್ ಒಂದು, ಮೆಸ್ಸಿ ಎರಡು. ಮೆಸ್ಸಿಯ ಎರಡನೆಯದು ದೂರದಿಂದ ಹೊಡೆದ ಫ್ರೀ ಕಿಕ್. ಅದನ್ನು ನೋಡಿ ಲಿವರ್‌ಪೂಲ್ ಅಭಿಮಾನಿಯಾದ ನಾನೇ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ. ಈ ಸುತ್ತಿನಲ್ಲಿ ಎರಡು ಪಂದ್ಯ, ಎರಡರ ಗೋಲು ಕೂಡಿಸಿ ಗೆದ್ದವರನ್ನು ಗೊತ್ತುಮಾಡುತ್ತಾರೆ. ಮೇ 7ರ ಮರುಪಂದ್ಯಕ್ಕೆ ಲಿವರ್‌ಪೂಲಿನ ಗೋಲು ಹೊಡೆಯುವವರಾದ ಸಲಾ ಇಲ್ಲ, ಫಿರ್ಮಿನೊ ಇಲ್ಲ, ಇಬ್ಬರಿಗೂ ಪೆಟ್ಟು. ಬೇಸಿಗೆ ರಜೆಗೆ ನಾನು ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಮನೆಯಲ್ಲಿದ್ದೆ. ನಮ್ಮ ಗಡಿಯಾರದಲ್ಲಿ ಪಂದ್ಯ ಶುರುವಾದದ್ದು ರಾತ್ರಿ ಹನ್ನೆರಡೂವರೆಗೆ. ಸದ್ದು ಕಡಿಮೆ ಮಾಡಿಕೊಂಡು ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದೆ. 7ನೇ ನಿಮಿಷಕ್ಕೆ ಒರಿಗಿ. ವಿರಾಮದ ಬಳಿಕ ರಾಬರ್ಟ್‌ಸನ್ ಬದಲಿಗೆ ಇಳಿದ ವೈನಾಲ್ಡಮ್ 54 ಮತ್ತು 56ನೇ ನಿಮಿಷಗಳಲ್ಲಿ ಎರಡು. ಅಷ್ಟರಲ್ಲಿ ನಿದ್ದೆ ಬಾರದೆ ಎದ್ದುಬಂದ ಅಪ್ಪ ಪಕ್ಕದಲ್ಲಿ ಕೂತರು. ಅವರಿಗೆ ಈ ಆಟದ ಗಂಧಗಾಳಿ ಇಲ್ಲ. ಕೆಂಪು ಅಂಗಿಯವರು ನಮ್ಮವರು, ಮೂರು ಗೋಲು ಹಿಂದಿದ್ದರು, ಈಗ ಸರಿಸಮ ಮಾಡಿದ್ದಾರೆ ಅಂತ ಪಿಸುಗುಟ್ಟಿದೆ.

79ನೇ ನಿಮಿಷದ ಕಾರ್ನರ್ ನೆನಪಿರುವವರಿಗೆ ನೆನಪಿರುತ್ತದೆ. ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡನ್ನು ಮೂಲೆಯಲ್ಲಿಟ್ಟು, ಬೇರೆಯವನು ಹೊಡೆಯಲಿ ಅನ್ನುವ ಹಾಗೆ ಎರಡು ಹೆಜ್ಜೆ ಆಚೆ ಹೋದ. ಬಾರ್ಸಿಲೋನಾದವರು ಇನ್ನೂ ತಂತಮ್ಮ ಜಾಗ ಹುಡುಕುತ್ತಿದ್ದರು. ತಟ್ಟನೆ ತಿರುಗಿ ಬಂದು ಹೊಡೆದೇಬಿಟ್ಟ. ಒರಿಗಿ ಒಬ್ಬನೇ ಎಚ್ಚರವಾಗಿದ್ದ. ಚೆಂಡು ಒಳಗೆ. 4-0, ಒಟ್ಟಾರೆ 4-3. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಮೀನು ಹತ್ತಿದ ಹಾಂಗೆ ಹತ್ತಿದ್ರಲ್ಲ ಮಾರಾಯ.”

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಮುಂಗಾರಿನ ಮೊದಲ ಜೋರು ಮಳೆಗೆ ಗದ್ದೆ ತುಂಬಿ, ಕಂಡಿಗಳಿಂದ ನೀರು ಧುಮುಕಿ ಹಳ್ಳ ಸೇರುತ್ತದೆ. ಹೊಳೆಯ ಮೀನುಗಳು ಮೊಟ್ಟೆ ಇಡಲು ಆ ನೀರಿಗೆ ಎದುರಾಗಿ ಹಳ್ಳ ಹಿಡಿದು, ಗದ್ದೆಯಿಂದ ಗದ್ದೆಗೆ ಮೇಲಕ್ಕೆ ಬರುತ್ತವೆ. ಅದೇ ಮೀನು ಹತ್ತುವುದು. ಹಾಗೆ ಬಂದದ್ದು ಹತ್ತುಮೀನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಬ್ಯಾಟರಿ ಹಿಡಿದು ಹೋಗುತ್ತಿದ್ದೆ. ಒಂದು ಮೀನು ಕಂಡಿಯ ಕೆಳಗೆ ನಿಂತು, ಬಾಲ ಬಡಿದು ಹಾರಿ, ಅಂಚಿನ ಮಣ್ಣಿಗೆ ಬಡಿದು ಕೆಳಗೆ ಬೀಳುತ್ತಿತ್ತು. ಮತ್ತೆ ಹಾರಿ ಮತ್ತೆ ಬಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅರ್ಧ ಮೈ ನೀರಲ್ಲಿ ಅರ್ಧ ಮೈ ಗಾಳಿಯಲ್ಲಿ ಅನ್ನುವಂತೆ ತೆವಳಿ ಮೇಲಿನ ಗದ್ದೆಗೆ ಸೇರಿಕೊಂಡಿತು. ಅಪ್ಪ ಅದರ ಮೇಲೆ ಕತ್ತಿ ಬೀಸಲಿಲ್ಲ.

ಹರಿವಿಗೆ ಎದುರಾಗಿ ಮೇಲೇರುವುದು! ಸ್ಪೇನಿನವರ ಪದದ ಹೊಟ್ಟೆಯೊಳಗಿನ ಅರ್ಥ, ಆ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ಅಪ್ಪನ ಬಾಯಲ್ಲಿ ತಾನಾಗಿ ಬಂದಿತ್ತು. ಆಟದ ಪದಗಳು ಮನೆ ಬಾಗಿಲಿನಿಂದಲೇ ಹುಟ್ಟುತ್ತವೆ ಅನ್ನುವುದಕ್ಕೆ ಇಟಲಿಯ ‘ಕತೆನಾಚೊ’ ಸಾಕ್ಷಿ. ಆ ಪದದ ಅರ್ಥ ಬಾಗಿಲ ಅಗುಳಿ, ಆಟದಲ್ಲಿ ಗೋಲು ಬಿಟ್ಟುಕೊಡದಂತೆ ಗಟ್ಟಿ ಕಾವಲು ಕಟ್ಟುವ ರೀತಿ. ತರಬೇತುದಾರ ಹೆಲೆನಿಯೊ ಹೆರೇರಾನ ಇಂಟರ್ ತಂಡ (ಮಿಲಾನ್ ನಗರದ ಇನ್ನೊಂದು ಕ್ಲಬ್) ಹಾಗೆ ಅಗುಳಿ ಹಾಕಿಕೊಂಡು ಆಡಿಯೇ 1964, 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. 1967ರ ಲಿಸ್ಬನ್ ಫೈನಲ್‌ನಲ್ಲಿ ಅದೇ ಇಂಟರ್ 7ನೇ ನಿಮಿಷದಲ್ಲೇ ಮುಂದಾಗಿ ಅಗುಳಿ ಹಾಕಿತು. ಗ್ಲಾಸ್ಗೊ ಸುತ್ತಮುತ್ತ ಹುಟ್ಟಿದ ಹುಡುಗರೇ ತುಂಬಿದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡ ಬಡಿದು ಬಡಿದು ಅದನ್ನು ಮುರಿದು 2-1ರಿಂದ ಗೆದ್ದಿತು. ಇಟಲಿಯವರಿಗೆ ಅಗುಳಿ ಒದಗಿದ ಹಾಗೆ ನಮಗೆ ಹಳ್ಳದ ಮೀನು ಒದಗಬಾರದೇ?

ಇನ್ನೊಂದು ಕಾರಣಕ್ಕೂ ‘ಹತ್ತು’ ನನಗೆ ಇಷ್ಟ. ಯಾವುದು ಹತ್ತಿದ್ದು, ಯಾವುದು ಅಲ್ಲ ಅಂತ ಬೇರ್ಪಡಿಸಿ ನೋಡಲು ಅದು ನೆರವಾಗುತ್ತದೆ. 2022ರಲ್ಲಿ ರಿಯಲ್ ಮ್ಯಾಡ್ರಿಡ್ ಮಾಡಿದ್ದನ್ನು ಜಗತ್ತೆಲ್ಲ ರೆಮೊಂತಾದಾ ಅಂದಿತು. ಮ್ಯಾಂಚೆಸ್ಟರ್ ಸಿಟಿ ಎದುರು 90ನೇ ನಿಮಿಷ ಬರುವವರೆಗೆ ಒಟ್ಟಾರೆ 5-3 ಹಿಂದೆ. ರೊದ್ರಿಗೊ ಎರಡು ನಿಮಿಷದಲ್ಲಿ ಎರಡು ಹೊಡೆದ. ಹೆಚ್ಚುವರಿ ಸಮಯದಲ್ಲಿ ಬೆಂಜೆಮಾನ ಪೆನಾಲ್ಟಿ, 6-5. ನನ್ನ ಕಣ್ಣಿಗೆ ಅದು ಹತ್ತಿದ್ದಲ್ಲ, ಹೊಂಚು. ಮ್ಯಾಡ್ರಿಡ್ ಎದುರು ಈಜಲಿಲ್ಲ. ಮೊಸಳೆಯಂತೆ ಮೈಯೆಲ್ಲ ಮುಳುಗಿಸಿ ಕಣ್ಣು ಮಾತ್ರ ಮೇಲಿಟ್ಟು ಕಾದಿತ್ತು. ಅದೂ ದೊಡ್ಡ ವಿದ್ಯೆಯೇ, ಅದಕ್ಕೆ ಅದರದೇ ಹೆಸರು ಸಲ್ಲಬೇಕು.

2017ರ ಮಾರ್ಚ್ 8ರ ಬಾರ್ಸಿಲೋನಾ ಮಾತ್ರ ನಿಜವಾಗಿ ಹತ್ತಿದ್ದು. ಪ್ಯಾರಿಸ್ಸಿನಲ್ಲಿ ಅಲ್ಲಿನ ಪಿಎಸ್‌ಜಿ ತಂಡಕ್ಕೆ 4-0 ಸೋತು ಬಂದು, 3-0 ಮುಂದಾಗಿ, 62ನೇ ನಿಮಿಷದಲ್ಲಿ ಪಿಎಸ್‌ಜಿಯ ಕವಾನಿಯ ಗೋಲಿಗೆ ಮತ್ತೆ ಕೆಳಗೆ ಬಿದ್ದ ತಂಡ ಅದು. 88ನೇ ನಿಮಿಷದಿಂದ ನೇಮಾರ್ ಎರಡು, 95ನೇ ನಿಮಿಷದಲ್ಲಿ ಸೆರ್ಜಿ ರೊಬೆರ್ತೊ ಒಂದು. 6-1. ಎರಡನೇ ಪೆನಾಲ್ಟಿಗೆ ಸುವಾರೆಸ್ ಬಿದ್ದ ರೀತಿ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೂ ಕಂಡಿಗೆ ಬಡಿದು ಬಿದ್ದು ಮತ್ತೆ ಹಾರಿದ್ದಂತೂ ನಿಜ.

ಸೋತವರ ಕಡೆಯಿಂದಲೂ ಈ ಪದ ಹಿತ. ಲಿವರ್‌ಪೂಲಿನ ಅಂಗಳವಾದ ಆನ್‌ಫೀಲ್ಡ್‌ನ ಆ 2019ರ ಪಂದ್ಯದ ಮರುದಿನವೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಟಾಟನ್‌ಹ್ಯಾಮ್‌ನ ಲೂಕಾಸ್ ಮೌರಾ ಮೂರನೇ ಗೋಲನ್ನು 96ನೇ ನಿಮಿಷದಲ್ಲಿ ಹೊಡೆದಾಗ ಅಯಾಕ್ಸ್ ಹುಡುಗರು ನಿಂತ ನಿಂತಲ್ಲೇ ಹುಲ್ಲಿನ ಮೇಲೆ ಬಿದ್ದರು. ಒಟ್ಟಾರೆ 3-3, ಸಮವಾದರೆ ಎದುರಾಳಿ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದರು ಅನ್ನುವ ಆಗಿನ ಲೆಕ್ಕದಲ್ಲಿ ಸೋಲು. (ಆ ನಿಯಮವನ್ನು ಯುರೋಪಿನ ಕಾಲ್ಚೆಂಡು ಸಂಸ್ಥೆ ಯುಇಎಫ್‌ಎ 2021ರಲ್ಲಿ ಕೈಬಿಟ್ಟಿತು, ಒಳ್ಳೆಯದಾಯಿತು.) ಅಂಥ ತಂಡಕ್ಕೆ ‘ತಿರುಗೇಟು ತಿಂದರು’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಮೀನು ಹತ್ತಿತು ಅಂದರೆ ಹಳ್ಳದ ನೀರಿಗೆ ಅವಮಾನವಾಗುವುದಿಲ್ಲವಲ್ಲ.

ಇನ್ನು ತೊಡಕುಗಳು. ‘ಲಿವರ್‌ಪೂಲ್ ಹತ್ತಿತು’ ಅಂತ ತಲೆಬರಹ ಹಾಕಿದರೆ ಓದುವವರು ‘ಏನನ್ನು?’ ಅಂತ ಕೇಳುತ್ತಾರೆ. ‘ಹತ್ತುಮೀನು’ ಅಂದರೆ ಬಯಲುಸೀಮೆಯವರು ಮೀನಿನ ಲೆಕ್ಕ ಹಾಕಿಯಾರು. ಧಾರವಾಡದ ಕಡೆ ‘ಆಡಾಕ ಹತ್ಯಾರ’ ಅಂದರೆ ಆಡುತ್ತಿದ್ದಾರೆ ಅಂತ, ಅಲ್ಲಿ ಈ ಕ್ರಿಯಾಪದಕ್ಕೆ ಬೇರೆಯೇ ದುಡಿಮೆ. ಹಾಗಾಗಿ ‘ಎದುರು ಹತ್ತು’ ಅಂತ ಕೂಡಿಸಿ, ‘ಲಿವರ್‌ಪೂಲ್ ಎದುರುಹತ್ತಿ ಗೆದ್ದಿತು’, ನಾಮಪದಕ್ಕೆ ‘ಎದುರುಹತ್ತು’ ಅಂತ ಬಳಸಿ ನೋಡುತ್ತಿದ್ದೇನೆ. ಕಿವಿಗೆ ಇನ್ನೂ ಪೂರ್ತಿ ಒಗ್ಗಿಲ್ಲ. ‘ಎದುರೇರು’ ಇನ್ನೂ ಚಿಕ್ಕದು. ಯಕ್ಷಗಾನದ ಯುದ್ಧದ ಏರುಪದ್ಯದ ನೆನಪೂ ಅದರ ಜೊತೆ ಬರುತ್ತದೆ. ಆದರೆ ಅದರಲ್ಲಿ ಮೀನು ಕಾಣೆಯಾಗುತ್ತದೆ ಅನ್ನುವ ಸಂಕಟ ನನಗೆ.

ಬಳಗದವರಲ್ಲಿ ಕೇಳುವುದಿಷ್ಟು. ಮೀನು ಹೀಗೆ ಮೇಲಕ್ಕೆ ಬರುವುದಕ್ಕೆ ಕೊಡಗು, ಉತ್ತರ ಕನ್ನಡ, ಕುಂದಾಪುರದ ಕಡೆ ಏನನ್ನುತ್ತೀರಿ? ಗರಡಿಯ ನಂಟಿರುವವರು ಹೇಳಿ: ಕುಸ್ತಿಯಲ್ಲಿ ಅಡಿಗೆ ಬಿದ್ದ ಪೈಲ್ವಾನ ಮೇಲಿದ್ದವನನ್ನೇ ಅಡಿಗೆ ಹಾಕಿ ಚಿತ್ ಮಾಡಿದರೆ ಆ ವರಸೆಗೆ ಒಂದೇ ಮಾತಿನ ಹೆಸರಿದೆಯೇ? ‘ಎದುರುಹತ್ತು’, ‘ಎದುರೇರು’ ಇವೆರಡರಲ್ಲಿ ಯಾವುದನ್ನು ನಿಮ್ಮ ಮನೆಯ ಮಕ್ಕಳು ಎರಡನೇ ಸಲ ತಾವಾಗಿಯೇ ಬಳಸುತ್ತಾರೆ ಅಂತ ಅನ್ನಿಸುತ್ತದೆ? ಅಣ್ಣನ ಮಗನಿಗೆ ಶನಿವಾರದ ಪಂದ್ಯದೊಳಗೆ ಉತ್ತರ ಕೊಡುತ್ತೇನೆ ಅಂದಿದ್ದೇನೆ.