ಮೂಸ್ ಬೇಟೆಗೆ .375 ರೈಫಲ್ ಬೇಕಾ, .30-06 ಸಾಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಈಗ ಇರೋದು ಅಲಾಸ್ಕಾದ ಆಂಕರೇಜ್‌ನಲ್ಲಿ. ಬಂದು ಎರಡು ವರ್ಷ ಆಯ್ತು. ಗ್ರೀನ್ ಕಾರ್ಡ್ ಇದೆ, ರೆಸಿಡೆಂಟ್ ಬೇಟೆ ಲೈಸೆನ್ಸೂ ಮಾಡಿಸಿದ್ದೀನಿ. ಬರೋ ಸೆಪ್ಟೆಂಬರ್‌ನಲ್ಲಿ ಕೆಲಸದ ಜಾಗದ ಇಬ್ಬರ ಜೊತೆ ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಗೆ ಹೊರಟಿದ್ದೀನಿ. ನದಿಯಲ್ಲಿ ದೋಣಿ, ದಡದಲ್ಲಿ ಟೆಂಟು, ಆರು ದಿನ.

ನನ್ನ ಅನುಭವ ಅಂದ್ರೆ ಅಜ್ಜನ ಮನೆಯ ಜೋಡುನಳಿಗೆ ಕೋವಿ. ಅದರಲ್ಲೂ ತೋಟಕ್ಕೆ ನುಗ್ಗೋ ಮಂಗಗಳನ್ನ ಓಡಿಸೋಕೆ ಆಕಾಶಕ್ಕೆ ಎರಡು ಈಡು ಹೊಡೆದಿದ್ದೇ ದೊಡ್ಡ ಸಾಹಸ. ಇಲ್ಲಿಗೆ ಬಂದ ಮೇಲೆ ಚಿಕ್ಕ .22 ರೈಫಲ್‌ನಲ್ಲಿ ಕಾಗದಕ್ಕೆ ತೂತು ಮಾಡಿದ್ದೀನಿ, ಅಷ್ಟೆ.

ಅಂಗಡಿಯಲ್ಲಿ ಕೇಳಿದ್ರೆ, "ಇದು ಕಂದು ಕರಡಿಯ ರಾಜ್ಯ, .375 ಹಾಲೆಂಡ್ ಅಂಡ್ ಹಾಲೆಂಡ್‌ಗಿಂತ ಕಡಿಮೆ ಮುಟ್ಟಬೇಡ" ಅಂದ. ಜೊತೆಗೆ ಬರೋರಲ್ಲಿ ಒಬ್ಬನದು .338 ವಿಂಚೆಸ್ಟರ್ ಮ್ಯಾಗ್ನಮ್ (ಮ್ಯಾಗ್ನಮ್ ಅಂದ್ರೆ ಹೆಚ್ಚು ಮದ್ದಿನ, ಹೆಚ್ಚು ಶಕ್ತಿಯ ತೋಟಾ), ಇನ್ನೊಬ್ಬ ಅವನಪ್ಪನ ಹಳೇ .30-06 ತರ್ತಾನೆ. ಒಂದೇ ರೈಫಲ್ ಕೊಳ್ಳೋ ಶಕ್ತಿ ನಂಗಿರೋದು. ನನ್ನ ತೂಕ 64 ಕೆಜಿ, ಅದನ್ನೂ ಹೇಳಿಬಿಡ್ತೀನಿ. ಬೇಟೆಯೇ ತಪ್ಪು ಅನ್ನೋ ಚರ್ಚೆಗೆ ಬೇರೆ ಜಾಗ ಇದೆ, ದಯವಿಟ್ಟು ಇಲ್ಲಿ ಬೇಡ.

ಗುಂಡಣ್ಣ_ಹೂಸ್ಟನ್:
ಕಣ್ಣು ಮುಚ್ಚಿ .375 ತಗೊಳ್ಳಿ. ಕರಡಿ ಎದುರು ಬಂದಾಗ "ಇನ್ನೂ ಸಣ್ಣದು ತರಬೇಕಿತ್ತು" ಅಂತ ಯಾರೂ ಕೊರಗಿದ್ದಿಲ್ಲ.

ಕೆನಾಯ್_ಕೊಪ್ಪ:
ಗುಂಡಣ್ಣೋರೆ, ಕಣ್ಣು ಮುಚ್ಚಿ ಅಂದಿರಲ್ಲ, ತೊಂದರೆ ಶುರುವಾಗೋದೇ ಅಲ್ಲಿ.

ತುಂಗಾತೀರ ಅವರೇ, ನಂದು ಕೊಪ್ಪ, ಕೆನಾಯ್ ಪರ್ಯಾಯದ್ವೀಪದಲ್ಲಿ 16 ವರ್ಷದಿಂದ ಇದ್ದೀನಿ. ನಿಮಗೆ ಅಂಗಡಿಯವನು ಹೇಳಿದ್ದನ್ನೇ ನಂಗೂ ಒಬ್ಬ ಹೇಳಿದ್ದ, ನಾನೂ .375 ತಂದೆ. ಸುಂದರವಾದ ರೈಫಲ್. ಮೊದಲನೇ ದಿನವೇ ಒದ್ದು ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರದ ಹಾಗೆ ಸೀಳಿತು. ಗುರುತು ಇನ್ನೂ ಇದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ "ಕಾರು ಎಲ್ಲಿ ಗುದ್ದಿದೆ ಹೇಳು" ಅಂತ ಬೆನ್ನುಹತ್ತಿದ್ರು.

ಆ ಸೆಪ್ಟೆಂಬರ್‌ನಲ್ಲಿ ಒಂದು ಮೂಸ್ ಸಿಕ್ತು. 120 ಗಜ ದೂರ, ಅಡ್ಡ ನಿಂತಿತ್ತು, ಗಾಳಿ ನಮ್ಮ ಕಡೆಗೆ. ಇದಕ್ಕಿಂತ ಸುಲಭದ ಈಡು ಜನ್ಮದಲ್ಲಿ ಸಿಗಲ್ಲ. ಶ್ವಾಸಕೋಶಕ್ಕೆ ಹೋಗಬೇಕಿದ್ದ ಗುಂಡು ಹೊಟ್ಟೆಗೆ ಹೋಯ್ತು. ಆಲ್ಡರ್ ಪೊದೆಯೊಳಗೆ ಕತ್ತಲಾಗೋವರೆಗೂ ರಕ್ತದ ಜಾಡು ಹಿಡಿದು ತೆವಳಿದ್ವಿ, ಸಿಗಲಿಲ್ಲ. ಬೆಳಿಗ್ಗೆ ಸಿಕ್ತು, ಆದ್ರೆ ನಮಗಿಂತ ಮೊದಲು ಕರಡಿಗೆ. ಮಣ್ಣು, ಪಾಚಿ, ಕಿತ್ತ ಗಿಡ ಎಲ್ಲ ಎಳೆದು ಗುಡ್ಡೆ ಮಾಡಿ ಮುಚ್ಚಿತ್ತು. ಗುಡ್ಡೆಯಿಂದ ಒಂದು ಕೊಂಬು ಮಾತ್ರ ಹೊರಗೆ ಕಾಣ್ತಿತ್ತು. ಕೈಯಲ್ಲಿ .375 ಇತ್ತು, ಕರಡಿಗೇ ಅಂತ ತಂದಿದ್ದು. ಹೆಜ್ಜೆ ಹಿಂದಿಟ್ಟುಕೊಂಡು ವಾಪಸ್ ಬಂದ್ವಿ. ಬೇಟೆಯ ಮಾಂಸ ಉಳಿಸಿಕೊಳ್ಳೋಕೆ ಅಂತ ಕರಡಿ ಕೊಲ್ಲೋ ಹಾಗಿಲ್ಲ ಇಲ್ಲಿ, ಕಾನೂನೇ ಹಾಗಿದೆ. ಕಾನೂನು ಇಲ್ಲದಿದ್ರೂ ನಂಗೆ ಧೈರ್ಯ ಇರಲಿಲ್ಲ ಬಿಡಿ.

ಆಮೇಲೆ ಗುರಿ ಅಭ್ಯಾಸದ ರೇಂಜ್‌ನಲ್ಲಿ ಒಬ್ಬ ಮುದುಕ, ಸಾಲ್ಮನ್ ಮೀನುಗಾರ, ನನ್ನ ರೈಫಲ್ ಇಸ್ಕೊಂಡು ತಾನೇ ತುಂಬಿ ಕೊಟ್ಟ. ಒಂದೊಂದು ಸಲ ನಿಜವಾದ ತೋಟಾ, ಒಂದೊಂದು ಸಲ ಹುಸಿ ತೋಟಾ, ಯಾವುದು ಅಂತ ನಂಗೆ ಹೇಳಲ್ಲ. ಟ್ರಿಗರ್ ಎಳೆದೆ. ಟಿಕ್ ಅಂತು, ಗುಂಡಿಲ್ಲ, ಆದ್ರೆ ನಳಿಗೆಯ ಮೂತಿ ಕೋಳಿ ಕಾಳು ಹೆಕ್ಕೋ ಹಾಗೆ ಕೆಳಕ್ಕೆ ಕುಕ್ಕಿತು. ಕಣ್ಣೂ ಮುಚ್ಚಿದ್ದೆನಂತೆ. ಒದೆತ ಬರೋಕೆ ಮುಂಚೆಯೇ ಮೈ ಹೆದರಿಕೊಂಡು ಬಿಡುತ್ತೆ, ನಮಗೆ ಗೊತ್ತೇ ಆಗಲ್ಲ. ಆ ಮೂಸ್‌ನ ಹೊಟ್ಟೆಗೆ ಹೊಡೆದದ್ದು ಈ ಹೆದರಿಕೆ.

ಈಗ ಲೆಕ್ಕಕ್ಕೆ ಬರ್ತೀನಿ. .30-06, ಇಲ್ಲಿಯವರು ತರ್ಟಿ ಆಟ್ ಸಿಕ್ಸ್ ಅನ್ನೋದು, 1906ರಿಂದ ಇದೆ. 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೋಗುತ್ತೆ. .375 ಬಂದದ್ದು 1912ರಲ್ಲಿ, 300 ಗ್ರೇನ್ ಗುಂಡು, ಸುಮಾರು 2500 ಅಡಿ. ಸಾಮಾನ್ಯ ಬೇಟೆ ದೂರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಾಗುತ್ತೆ, ಆದ್ರೆ ಭುಜಕ್ಕೆ ಬೀಳೋ ಒದೆತ ಇಮ್ಮಡಿ ಹತ್ತಿರ ಬರುತ್ತೆ. .338 ನಡುವಿನದು, ಆದ್ರೂ .375ರ ಕಡೆಗೇ ವಾಲುತ್ತೆ. 64 ಕೆಜಿ ಮನುಷ್ಯನಿಗೆ .375 ಆಗಲ್ಲ ಅಂತಲ್ಲ. ಆದ್ರೆ ವರ್ಷಕ್ಕೆ ನೂರಿನ್ನೂರು ತೋಟಾ ಸುಟ್ಟು ಅಭ್ಯಾಸ ಮಾಡ್ತೀರಾ? ಆ ತೋಟಾದ ಬೆಲೆ ನೋಡಿದ್ದೀರಾ? ಇಲ್ಲಿನ ಮೀನು ಮತ್ತು ಬೇಟೆ ಇಲಾಖೆಯವರೇ ಹೇಳ್ತಾರೆ, ಹೊರಗಿನಿಂದ ಬರೋ ಬೇಟೆಗಾರರು ಮಾಡೋ ದೊಡ್ಡ ತಪ್ಪು ಅಂದ್ರೆ ಸಾಕಷ್ಟು ಹೊಡೆದು ಪಳಗಿಲ್ಲದ ಮ್ಯಾಗ್ನಮ್ ತರೋದು ಅಂತ.

ಮೂಸ್ ಕೊಲ್ಲೋದು ಕಷ್ಟ ಅಲ್ಲ. ತೂಕ ನಮ್ಮ ಕಾಟಿಯ (ಕಾಡುಕೋಣದ) ಸಮ ಹೋಗಬಹುದು, ದೊಡ್ಡ ಗಂಡು 1200ರಿಂದ 1600 ಪೌಂಡ್ ತೂಗುತ್ತೆ. ಆದ್ರೆ ಶ್ವಾಸಕೋಶ ಬಾಗಿಲಷ್ಟು ಅಗಲ. ಒಂದೇ ವಿಚಿತ್ರ, ಸರಿಯಾಗಿ ಬಿದ್ದ ಗುಂಡಿಗೂ ಕೆಲವು ಸಲ ಅದು ಏನೂ ಆಗದ ಹಾಗೆ ನಿಂತೇ ಇರುತ್ತೆ. ತಪ್ಪಿತು ಅಂತ ಗಾಬರಿ ಬೀಳಬೇಡಿ, ನಿಂತಿರೋವರೆಗೂ ಹೊಡೀರಿ.

ಕ್ಯಾಲಿಬರಿಗಿಂತ ಗುಂಡು ಹೇಗೆ ಕಟ್ಟಿದ್ದು ಅನ್ನೋದನ್ನ ನೋಡಿ. 1946ರಲ್ಲಿ ಜಾನ್ ನೋಸ್ಲರ್ ಅನ್ನೋ ಅಮೆರಿಕದ ಬೇಟೆಗಾರ ಕೆನಡಾದಲ್ಲಿ ಒಂದು ಮೂಸ್‌ಗೆ ಹೊಡೆದ. ಮೈತುಂಬ ಒಣಗಿದ ಕೆಸರು. .300 ಮ್ಯಾಗ್ನಮ್‌ನ ಗುಂಡುಗಳು ಮೇಲೆಮೇಲೆಯೇ ಒಡೆದು ಚೂರಾದವು, ಒಳಗೆ ಇಳಿಯಲಿಲ್ಲ. ಅವನು ಸುಮ್ಮನಾಗದೆ ಗುಂಡಿನ ನಡುವೆ ತಾಮ್ರದ ಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತೆ, ಹಿಂದಿನ ಅರ್ಧ ಗಟ್ಟಿಯಾಗೇ ಉಳಿದು ತೂರಿಕೊಂಡು ಹೋಗುತ್ತೆ. ಅದೇ ಪಾರ್ಟಿಷನ್, 1948ರಿಂದ ಮಾರಾಟಕ್ಕಿದೆ. .30-06ರಲ್ಲಿ 180 ಗ್ರೇನ್ ಪಾರ್ಟಿಷನ್ ಅಥವಾ ಅಂಥದ್ದೇ ಬಾಂಡೆಡ್ (ಒಳಗಿನ ಸೀಸ ಹೊರಕವಚಕ್ಕೆ ಬೆಸೆದ) ಗುಂಡು ಹಾಕಿಕೊಳ್ಳಿ. ಸ್ಟೇನ್‌ಲೆಸ್ ನಳಿಗೆ, ಸಿಂಥೆಟಿಕ್ ಹಿಡಿ. ವಾಲ್ನಟ್ ಚೆಂದ, ಆದ್ರೆ ಸೆಪ್ಟೆಂಬರ್ ಮಳೆ ನಮ್ಮ ಆಗುಂಬೆಯ ತಂಗಿ.

ಕರಡಿಗೆ? ಸೊಂಟದಲ್ಲಿ ಬೇರ್ ಸ್ಪ್ರೇ (ಕರಡಿ ಮುಖಕ್ಕೆ ಎರಚೋ ಖಾರದ ಸ್ಪ್ರೇ) ಇರಲಿ, ಮಾಂಸ ಕೊಯ್ಯುವಾಗ ಒಬ್ಬರು ಕೆಲಸ ಬಿಟ್ಟು ಕಾವಲು ನಿಲ್ಲಲಿ.

ಮೈಸೂರ್_ಮ್ಯಾಗ್ನಮ್:
ವಿಷಯಕ್ಕೆ ಸಂಬಂಧ ಇಲ್ಲ, ಕ್ಷಮಿಸಿ. ಎಚ್-1ಬಿಯಲ್ಲಿ ಇರೋರು ರೈಫಲ್ ಕೊಳ್ಳಬಹುದಾ?

ಕೆನಾಯ್_ಕೊಪ್ಪ:
ವಲಸೆಯೇತರ ವೀಸಾದವರಿಗೆ ಸಾಮಾನ್ಯವಾಗಿ ನಿಷೇಧ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ಮೇಲೆ ಮನೆಯಲ್ಲಿ ಇಟ್ಟುಕೊಂಡರೂ ಸಿಕ್ಕಿಬೀಳ್ತೀರಿ. ವಕೀಲರನ್ನ ಕೇಳಿ, ನನ್ನನ್ನಲ್ಲ.

ವಿಂಡ್‌ಹುಕ್_ವಾಸಿ:
.375ನ್ನ ಇಷ್ಟು ಬೈಯ್ಯಬೇಡಿ ಸ್ವಾಮಿ, ಅದರ ಜಾಗ ಬೇರೆ ಇದೆ. ನಾನು ನಮೀಬಿಯಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೀನಿ. ಇಲ್ಲಿ ಕಾನೂನೇ ಗುಂಡಿನ ಶಕ್ತಿಯನ್ನ ಜೂಲ್‌ನಲ್ಲಿ ಲೆಕ್ಕ ಹಾಕುತ್ತೆ. ಜಿಂಕೆಯಂಥ ಸಣ್ಣ ಸ್ಪ್ರಿಂಗ್‌ಬಾಕ್‌ಗೆ ಕನಿಷ್ಠ 1350, ಅದಕ್ಕಿಂತ ದೊಡ್ಡ ಓರಿಕ್ಸ್, ಕುಡುಗೆ 2700, ಕಾಡೆಮ್ಮೆ, ಆನೆಗೆ 5400 ಜೂಲ್. .30-06 ಕೊಡೋದು 3900ರ ಆಸುಪಾಸು, ಓರಿಕ್ಸ್‌ಗೆ ಧಾರಾಳ, ಕಾಡೆಮ್ಮೆಗೆ ಕಾನೂನು ಬಾಹಿರ. .375 ಹೆಚ್ಚುಕಡಿಮೆ 5700 ಕೊಟ್ಟು ಗೆರೆ ದಾಟುತ್ತೆ. .416 ರಿಗ್ಬಿ ಆರಾಮಾಗಿ ದಾಟುತ್ತೆ, ನಿಮ್ಮ ಭುಜವನ್ನೂ ದಾಟುತ್ತೆ.

ಜಾಂಬೆಜಿ ಪ್ರಾಂತ್ಯದಲ್ಲಿ ಒಂದು ಕಾಡೆಮ್ಮೆ ಬೇಟೆಗೆ ಹೋಗಿದ್ದೆ, ರೈಫಲ್ ಬಾಡಿಗೆಯದು. ಮೊದಲ ಗುಂಡು ಅರಳುವಂಥದ್ದು, ಅದರ ಹಿಂದೆ ಅರಳದ ಸಾಲಿಡ್ ತುಂಬಿದ್ವಿ, ಯಾಕಂದ್ರೆ ಎರಡನೇ ಈಡಿನ ಹೊತ್ತಿಗೆ ಅದು ಬೆನ್ನು ತಿರುಗಿಸಿ ಓಡ್ತಿರುತ್ತೆ, ಗುಂಡು ಹಿಂದಿನಿಂದ ಇಡೀ ದೇಹ ದಾಟಿ ಹೋಗಬೇಕು. ಹೃದಯ ನಾವು ಅಂದ್ಕೊಂಡಿದ್ದಕ್ಕಿಂತ ಕೆಳಗಿರುತ್ತೆ, ಮುಂಗಾಲಿನ ನೇರಕ್ಕೆ, ಎದೆಯ ಮೂರನೇ ಒಂದು ಭಾಗದ ಎತ್ತರದಲ್ಲಿ. ಪೊದೆಯೊಳಗಿಂದ ಅದರ ಕೊನೆಯ ಹೂಂಕಾರ ಕೇಳೋವರೆಗೂ ನಮ್ಮ ಪಿಎಚ್ (ಜೊತೆಗಿದ್ದ ವೃತ್ತಿಪರ ಬೇಟೆಗಾರ) ಒಂದು ಹೆಜ್ಜೆ ಮುಂದಿಡಲು ಬಿಡಲಿಲ್ಲ. ಆ ಕೂಗು ಕೇಳಿದ ಮೇಲೆ ನಂಗೆ ಖುಷಿಯಂತೂ ಆಗಲಿಲ್ಲ. ಎರಡನೇ ಸಲ ಹೋಗಿಲ್ಲ.

ಬೆಲ್ ಅನ್ನೋ ಸ್ಕಾಟಿಷ್ ಬೇಟೆಗಾರ .275ರಲ್ಲಿ ಆನೆಗಳನ್ನ ಉರುಳಿಸಿದ ಅಂತ ಯಾರಾದ್ರೂ ಬರೆಯೋ ಮುಂಚೆ ಹೇಳ್ತೀನಿ: ನಿಜ. ಅವನು ಆನೆಯ ತಲೆ ಕೊಯ್ದು ಮಿದುಳು ಎಲ್ಲಿದೆ ಅಂತ ಓದಿದವನು. ನಾವು ಎಕ್ಸೆಲ್ ಓದಿದವರು.

ಹಳೇತೋಕ್:
ವಿರಾಜಪೇಟೆಯಿಂದ. ನಮ್ಮ ಐನ್‌ಮನೆಯಲ್ಲಿ ಅಜ್ಜನ .405 ವಿಂಚೆಸ್ಟರ್ ಇದೆ, ಕೆಳಗಿನ ಸನ್ನೆ (ಲಿವರ್) ಎಳೆದು ತೋಟಾ ಏರಿಸುವಂಥದ್ದು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹಕ್ಕಂತ ಹೊತ್ತುಕೊಂಡು ಹೋದ ಜಾತಿಯದೇ. ಒಂದು ಕಾಲದಲ್ಲಿ ಕಾಟಿಗೆ ಇದೇ ಅಂತಿದ್ರಂತೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಮುಗೀತು. ಅದು ಆಗಬೇಕಾದ್ದೇ. ರೈಫಲ್ ಮಾತ್ರ ಉಳೀತು. ಈಗ ಅದಕ್ಕೆ ತೋಟಾನೇ ಸಿಗಲ್ಲ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ದಿನ ಎಣ್ಣೆ ಒರೆಸಿ, ನಳಿಗೆಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ, ಮತ್ತೆ ಒಳಗಿಡ್ತೀವಿ. ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಹೊಡೆಯೋಕೆ ಪಕ್ಕದ ಮನೆಯ ಹನ್ನೆರಡು ಬೋರು ಕೋವಿ.

ಆದ್ದರಿಂದ ನನ್ನದೊಂದೇ ಮಾತು, ನೀವು ಹೋಗೋ ನದಿಯ ಕಡೇ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಯಾವ ತೋಟಾ ಇಟ್ಟಿದ್ದಾರೆ ಅಂತ ವಿಚಾರಿಸಿ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರೇಂಜ್‌ಗೆ ಹೋಗಿ ಇಬ್ಬರ ರೈಫಲ್‌ನಲ್ಲೂ ಹುಸಿ ತೋಟಾ ಪರೀಕ್ಷೆ ಮಾಡಿಸ್ಕೊಂಡೆ. .338ರಲ್ಲಿ ನಾಲ್ಕನೇ ಈಡಿಗೇ ಕೋಳಿ ಕಾಳು ಹೆಕ್ಕಿತು. .30-06ರಲ್ಲಿ ಹತ್ತು ಹೊಡೆದೆ, ಎರಡು ಹುಸಿ, ಮೂತಿ ಅಲ್ಲಾಡಲಿಲ್ಲ. ಭುಜ ನೋವಿದೆ, ಆದ್ರೆ ಅಡಿಕೆ ಸುಲಿದ ದಿನದ ನೋವಿನಷ್ಟೇ. ಹಳೇತೋಕ್ ಅವರು ಹೇಳಿದ ಹಾಗೆ ದೋಣಿ ಇಳಿಸೋ ಹಳ್ಳಿಗೆ ಫೋನ್ ಮಾಡಿದೆ. ಅಲ್ಲಿರೋದು ಎರಡೇ ಥರ, .30-06 ಮತ್ತು .300 ವಿನ್ ಮ್ಯಾಗ್. .30-06 ಬುಕ್ ಮಾಡಿದ್ದೀನಿ.

ಇನ್ನೊಂದು ಪ್ರಶ್ನೆ. ಮೂಸ್ ಸಾಮಾನ್ಯವಾಗಿ ನೀರಿನಂಚಿಗೆ ಬರುತ್ತಂತಲ್ಲ, ದೋಣಿ ನಿಲ್ಲಿಸಿ ದಡದಿಂದ ಹೊಡೆಯೋದು ಸುಲಭ ಅಲ್ವಾ?

ಕೆನಾಯ್_ಕೊಪ್ಪ:
ಹೊಡೆಯೋದು ಸುಲಭ. ಆಮೇಲೆ ಸೊಂಟದವರೆಗಿನ ತಣ್ಣೀರಲ್ಲಿ ನಿಂತು 1400 ಪೌಂಡ್ ಕೊಯ್ಯೋರು ಯಾರು? ಹಿಂದೊಡೆ ಒಂದೇ ನಿಮ್ಮಷ್ಟು ತೂಕ ಬರಬಹುದು. ತಿನ್ನುವಂಥ ಮಾಂಸ ಅಲ್ಲೇ ಬಿಟ್ಟು ಬಂದ್ರೆ ಕೇಸು. ದಡ ಹತ್ತಿ ಒಣನೆಲಕ್ಕೆ ಬರೋವರೆಗೂ ಕಾಯಿರಿ. ಎರಡು ಚಾಕು, ಒಂದು ಸಾಣೆಕಲ್ಲು, ಹತ್ತಿಯ ಮಾಂಸದ ಚೀಲ ಏಳೆಂಟು ಇಟ್ಕೊಳ್ಳಿ.