ಗಂಡನ ಮನೆ ಬಿಟ್ಟು ಬಂದವಳ ಗೃಹಲಕ್ಷ್ಮಿ ಹಣ ಯಾರ ಪಾಲು?

ಹೊಳೆಸಾಲು
ನನ್ನ ತಂಗಿ ಗಂಡನ ಮನೆ ಬಿಟ್ಟು ಬಂದು ಹದಿನಾಲ್ಕು ತಿಂಗಳಾಯಿತು. ಎರಡೂ ಮಕ್ಕಳು ಅವಳ ಜೊತೆಗಿದ್ದಾರೆ. ಇನ್ನೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಮೂವರ ಹೆಸರೂ ಇವತ್ತಿಗೂ ಅತ್ತೆಯ ಪಡಿತರ ಚೀಟಿಯಲ್ಲೇ ಇದೆ. ಹಾಗಾಗಿ ಇವರ ಪಾಲಿನ ಅಕ್ಕಿ ಅಲ್ಲಿಗೆ, ಗೃಹಲಕ್ಷ್ಮಿಯ ಎರಡು ಸಾವಿರವೂ ಅಲ್ಲಿಗೆ. ಹೊಸ ಚೀಟಿ ಮಾಡಿಸಲು ಹೋದರೆ ಸೇವಾ ಕೇಂದ್ರದ ಹುಡುಗ ಆಧಾರ್ ಸಂಖ್ಯೆ ಒತ್ತಿ, ಪರದೆಯನ್ನು ನಮ್ಮ ಕಡೆ ತಿರುಗಿಸಿ, "ನೋಡಿ, ಇವರ ಹೆಸರು ಆಗಲೇ ಇನ್ನೊಂದು ಚೀಟಿಯಲ್ಲಿದೆ" ಎಂದ. ಅಲ್ಲಿಂದ ತೆಗೆಸಲು ಅತ್ತೆ ಒಪ್ಪಬೇಕಂತೆ, ಇಲ್ಲವೇ ವಿಚ್ಛೇದನದ ಆದೇಶ ತರಬೇಕಂತೆ. ಅತ್ತೆ ಒಪ್ಪುವುದಿಲ್ಲ. ಬೇರೆ ದಾರಿ ಯಾರಿಗಾದರೂ ಗೊತ್ತಿದೆಯೇ?

ಅಂಕಿಅಂಶ
ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಕೊಟ್ಟಾಗಿನಿಂದ ಈ ಯೋಜನೆಯ ಲೆಕ್ಕ ಒಂದೇ: ಒಂದು ಚೀಟಿ, ಒಬ್ಬಳು ಯಜಮಾನಿ, ತಿಂಗಳಿಗೆ ಎರಡು ಸಾವಿರ. ಚೀಟಿ ಎರಡಾದರೆ ಹಣವೂ ಎರಡಾಗುತ್ತದೆ. ನಮ್ಮ ಬೀದಿಯಲ್ಲೇ ಒಂದೇ ಒಲೆಯ ಅನ್ನ ಉಣ್ಣುವವರು ಕಾಗದದಲ್ಲಿ ಎರಡು ಮನೆಯಾಗಿದ್ದಾರೆ. ಕಚೇರಿಯವರು ಆದೇಶ ಕೇಳದೆ ಇನ್ನೇನು ಮಾಡಬೇಕು?

ಎರಡು ಜಡೆ
"ಒಂದೇ ಒಲೆ" ಅಂದಿರಲ್ಲ, ಎಷ್ಟು ಮನೆಗಳ ಅಡುಗೆಕೋಣೆ ಇಣುಕಿ ಬಂದಿದ್ದೀರಿ ಸ್ವಾಮಿ? ಆದರೆ ಹೊಳೆಸಾಲು ಅವರೇ, ನಿಮ್ಮದೂ ಅತಿಯಾಯಿತು. ಅತ್ತೆ ಆ ಹಣ ಕದ್ದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯೇ ಮನೆಯ ಹಿರಿಯ ಹೆಂಗಸು ಚೀಟಿಗೆ ಯಜಮಾನಿ ಎಂದು ಹೇಳುತ್ತದೆ. ನಾನೂ ಒಬ್ಬ ಅತ್ತೆ. ನನ್ನ ಮಾತ್ರೆ, ಕನ್ನಡಕ ಎಲ್ಲ ಆ ಎರಡು ಸಾವಿರದಲ್ಲೇ. ನೀವು ಒಮ್ಮೆಯಾದರೂ ಅವರ ಬಳಿ ಕೂತು ಮಾತನಾಡಿದ್ದೀರಾ?

ಹೊಳೆಸಾಲು
ಮಾತನಾಡಿದ್ದೇವೆ ಅಮ್ಮ. "ಮೊಮ್ಮಕ್ಕಳನ್ನು ಇಲ್ಲಿಗೆ ಕಳಿಸಿ, ಆಮೇಲೆ ಹೆಸರು ತೆಗೆಸುತ್ತೇನೆ" ಎಂದರು.

ನಿವೃತ್ತ ಗುಮಾಸ್ತ
ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಹೊತ್ತವನ ಮಾತು ಕೇಳಿ ತಂಗಿ. ಬಾಯಿಮಾತಿನಲ್ಲಿ ಬಂದ "ಆಗುವುದಿಲ್ಲ" ಎಂಬುದಕ್ಕೆ ಬೆಲೆಯಿಲ್ಲ. ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಸ್ಥಳ ಪರಿಶೀಲನೆ ಮಾಡಿ ಎಂದು ಅದರಲ್ಲೇ ಕೇಳಿ. ಮಕ್ಕಳ ಶಾಲೆಯ ದಾಖಲೆ, ಈಗಿನ ವಿಳಾಸದ ಬಾಡಿಗೆ ಕರಾರು ಜೊತೆಗಿರಲಿ. ಅರ್ಜಿ ಕುಳಿತಲ್ಲೇ ಕುಳಿತರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು, ಆ ಹುದ್ದೆ ಅದೇ ಆಹಾರ ಭದ್ರತಾ ಕಾಯ್ದೆಯಲ್ಲಿದೆ. ಮಕ್ಕಳ ರಕ್ಷಣೆಗೆಂದೇ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ಇದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬ ಕೈಬಿಟ್ಟವಳಾಗಿದ್ದರೆ ಕೇಳಬಹುದು. ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಊರ ಹಿರಿಯರ ಮುಂದೆ ಸೋಡಚೀಟಿ, ಅಂದರೆ ಮದುವೆ ಬಿಡುಗಡೆಯ ಕಾಗದ, ಆಗಿದ್ದರೆ ಅದನ್ನೂ ಲಗತ್ತಿಸಿ.

ಕರಿಕೋಟು
"ಸೋಡಚೀಟಿ ಲಗತ್ತಿಸಿ" ಎಂಬುದು ಅಪಾಯಕಾರಿ ಸಲಹೆ. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ ಮದುವೆ ಮುರಿಯುವುದಿಲ್ಲ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಕಾದಿರುತ್ತದೆ.

ಜೋಳದ ರೊಟ್ಟಿ
ವಕೀಲರೇ, ಅರ್ಧ ಕಾಯ್ದೆ ಓದಿ ಬಂದಿದ್ದೀರಿ. 1955ರ ಹಿಂದೂ ವಿವಾಹ ಕಾಯ್ದೆಯ 29(2) ತೆರೆಯಿರಿ. ರೂಢಿಯಿಂದ ಬಂದ ಬಿಡುಗಡೆಯ ಹಕ್ಕಿಗೆ ಈ ಕಾಯ್ದೆ ಅಡ್ಡಬರುವುದಿಲ್ಲ ಎಂದು ಸ್ಪಷ್ಟವಾಗಿದೆ. ನಮ್ಮ ಅಜ್ಜಿಯ ತಂಗಿಯ ಸೋಡಚೀಟಿ ಇಂದಿಗೂ ಟ್ರಂಕಿನಲ್ಲಿದೆ. ಐದು ಜನ ಪಂಚರ ಸಹಿ, ಒಬ್ಬರದು ಮರಾಠಿಯ ಹಳೆಯ ಮೋಡಿ ಅಕ್ಷರ. ಆಕೆ ಮತ್ತೆ ಕೂಡಿಕೆಯಾಗಿ ಆರು ಮಕ್ಕಳನ್ನು ಹೆತ್ತಳು, ಯಾವ ಪೊಲೀಸನೂ ಬರಲಿಲ್ಲ.

ಕರಿಕೋಟು
ಪೊಲೀಸನು ಬರಲಿಲ್ಲ ಎಂಬುದು ಸಾಕ್ಷ್ಯವಲ್ಲ. ಆ ರೂಢಿ ನಿಮ್ಮ ಸಮುದಾಯದಲ್ಲಿ ಬಹುಕಾಲದಿಂದ ತಪ್ಪದೆ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಮಾಡುವ ಹೊರೆ ಯಾರ ಮೇಲೆ? ಕಾಗದ ಹಿಡಿದು ನಿಂತ ಹೆಂಗಸಿನ ಮೇಲೆ.

ಜೋಳದ ರೊಟ್ಟಿ
ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಕೂತವರಿಗೆ ನಮ್ಮ ಕಟ್ಟೆಯ ಪಂಚಾಯಿತಿ ಕಾಣಿಸುವುದಿಲ್ಲ.

ಕರಿಕೋಟು
ನಾನು ರಾಣೆಬೆನ್ನೂರಿನವನು. ಫ್ಯಾನ್ ಕೆಟ್ಟು ಎಂಟು ದಿನವಾಯಿತು.

ಲೀಡ್ಸ್ ಕನ್ನಡಿಗ
ಇಲ್ಲಿ ಬ್ರಿಟನ್ನಿನಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ಹಣವಿದೆ. ಗಂಡ ಹೆಂಡತಿ ಒಟ್ಟಿಗಿದ್ದರೆ ಜಂಟಿ ಅರ್ಜಿ. ಬೇರೆಯಾದ ದಿನ ತಿಳಿಸಿದರೆ ಇಬ್ಬರದೂ ಬೇರೆ ಬೇರೆ ಅರ್ಜಿಯಾಗುತ್ತದೆ. ವಿಚ್ಛೇದನದ ಆದೇಶ ಯಾರೂ ಕೇಳುವುದಿಲ್ಲ. ಒಂದೇ ಸೂರಿನಡಿ ಇದ್ದೂ ಸಂಸಾರ ಬೇರೆ ಎಂದು ತೋರಿಸಲು ಅವಕಾಶವಿದೆ.

ಅಂಕಿಅಂಶ
"ಒಂದೇ ಸೂರಿನಡಿ ಇದ್ದೂ ಬೇರೆ!" ನಾನು ಮೊದಲೇ ಹೇಳಿದ ಮೋಸ ಇದೇ. ಅಲ್ಲಿ ಅದಕ್ಕೆ ಕಾನೂನಿನ ಹೆಸರಿಟ್ಟಿದ್ದಾರೆ, ಅಷ್ಟೇ.

ಲೀಡ್ಸ್ ಕನ್ನಡಿಗ
ಅಲ್ಲ. ಒಟ್ಟಿಗಿದ್ದುಕೊಂಡೇ ಒಂಟಿ ಎಂದು ಹೇಳಿ ಹಣ ಪಡೆದವರಿಂದ ಅದನ್ನು ವಾಪಸು ಕಕ್ಕಿಸುತ್ತಾರೆ. ನಂಬುವುದು ಮೊದಲು, ತನಿಖೆ ಆಮೇಲೆ.

ಎರಡು ಜಡೆ
ಗಂಡನ ವೀಸಾದ ಮೇಲೆ ಅಲ್ಲಿಗೆ ಬಂದ ನಮ್ಮ ಹುಡುಗಿ ಬೇರೆಯಾದರೆ ಅವಳಿಗೂ ಕೊಡುತ್ತಾರೆಯೇ? ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಅಂಥ ವೀಸಾದಲ್ಲೇ ಇರುತ್ತದೆ ಅಲ್ಲವೇ?

ಲೀಡ್ಸ್ ಕನ್ನಡಿಗ
ಅದು ಬೇರೆ ವಿಷಯ.

ಎರಡು ಜಡೆ
ಅದು ಬೇರೆ ವಿಷಯವಂತೆ! ಇರಲಿ. ಇನ್ನೊಂದು ಮಾತು: ಸೋಡಚೀಟಿ ಎಂಬುದು ಕನ್ನಡ ಪದವೇ ಅಲ್ಲ, ಮರಾಠಿಯದು. ಬಿಡುಗಡೆ ಪತ್ರ ಎಂದರೆ ಬಾಯಿ ನೋಯುತ್ತದೆಯೇ?

ಜೋಳದ ರೊಟ್ಟಿ
ಅರ್ಜಿ, ತಹಶೀಲ್ದಾರ, ಜಿಲ್ಲಾ, ತಾಲ್ಲೂಕು ಇವೆಲ್ಲ ನಿಮ್ಮ ಹಿತ್ತಲಲ್ಲಿ ಬೆಳೆದವೇ ತಾಯಿ? ಅವುಗಳನ್ನು ಮೊದಲು ಬಿಟ್ಟು ಬನ್ನಿ. ಮುಂಬಯಿ ಕರ್ನಾಟಕದ ಮನೆಮನೆಯಲ್ಲಿ ಆಡುವ ಪದ ಅದು. ಮೈಸೂರಿನವರು ಕೇಳಿಲ್ಲ ಎಂದ ಮಾತ್ರಕ್ಕೆ ಕನ್ನಡವಲ್ಲವೇ?

ಎರಡು ಜಡೆ
ನಾನು ಮೈಸೂರಿನವಳು ಎಂದು ಯಾರು ಹೇಳಿದರು?

ನಿವೃತ್ತ ಗುಮಾಸ್ತ
ಆ ಮಗಳು ಕೇಳಿದ್ದೇನು, ನೀವು ಜಗಳವಾಡುತ್ತಿರುವುದೇನು?

ಕರಿಕೋಟು
ಜಗಳಕ್ಕೆ ಬೀಜ ಬಿತ್ತಿದವರು ನೀವೇ ಗುಮಾಸ್ತರೇ. ಹೊಳೆಸಾಲು ಮೇಡಂ, ಜೀವನಾಂಶ ಕೇಳಲು ವಿಚ್ಛೇದನ ಬೇಕಿಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125 ಇತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144. ಅರ್ಜಿ ದಾಖಲಾದರೆ ನೀವು ಬೇರೆ ಇದ್ದೀರಿ ಎಂಬುದಕ್ಕೆ ಕೋರ್ಟಿನ ಮುದ್ರೆಯ ಕಾಗದವೊಂದು ಕೈಗೆ ಬರುತ್ತದೆ. ಆಹಾರ ಶಾಖೆಗೆ ಅದನ್ನು ತೋರಿಸಿ.

ಅಂಕಿಅಂಶ
ತೋರಿಸಿ, ಜೀವನಾಂಶ ತಿಂಗಳಿಗೆ ಹತ್ತು ಸಾವಿರ ದಾಟಿದರೆ ವರ್ಷಕ್ಕೆ 1.20 ಲಕ್ಷ ದಾಟುತ್ತದೆ. ಬಿಪಿಎಲ್ ಚೀಟಿಯ ಮಿತಿಯೇ ಅಷ್ಟು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಕರಿಕೋಟು
ಹತ್ತು ಸಾವಿರ! ಆ ಆದೇಶ ಮಾಡಿದ ನ್ಯಾಯಾಧೀಶರ ವಿಳಾಸ ಕೊಡಿ, ನನ್ನ ಕಕ್ಷಿದಾರರನ್ನೆಲ್ಲ ಕಳಿಸುತ್ತೇನೆ. ಅಲ್ಲದೆ ಎಪಿಎಲ್ ಚೀಟಿಯವರಿಗೂ ಗೃಹಲಕ್ಷ್ಮಿ ಇದೆ. ನಿಜವಾದ ತೊಡಕು ನೀವು ಹೇಳದೆ ಬಿಟ್ಟದ್ದು: ಗಂಡ ಆದಾಯ ತೆರಿಗೆ ಕಟ್ಟಿದರೆ ಹೆಂಡತಿಗೆ ಹಣವಿಲ್ಲ. ಅವನು ಒಂದು ಕಾಸು ಕಳಿಸದಿದ್ದರೂ ಕಾಗದದಲ್ಲಿ ಗಂಡನೇ.

ಅಂಕಿಅಂಶ
ತೆರಿಗೆ ಕಟ್ಟುವವರನ್ನು ಕಂಡರೆ ಎಲ್ಲರಿಗೂ ಕೋಪ.

ಹೊಳೆಸಾಲು
ತಂಗಿಯ ಗಂಡ ಗಾರೆ ಕೆಲಸದವರು, ತೆರಿಗೆಯ ಮಾತೇ ಇಲ್ಲ. ನನಗೆ ಅರ್ಥವಾಗದ್ದು ಒಂದೇ. 2023ರ ಜೂನ್‌ನಿಂದ ತಂಗಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಾಳೆ. ನಿರ್ವಾಹಕ ಆಧಾರ್ ನೋಡಿ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತಾನೆ, ನೀನು ಯಾರ ಸೊಸೆ ಎಂದು ಕೇಳುವುದಿಲ್ಲ. ಅದೇ ಆಧಾರ್ ಹಿಡಿದು ಅಕ್ಕಿ ಕೇಳಿದರೆ ಮಾತ್ರ ಅತ್ತೆಯ ಹೆಸರು ಬರುತ್ತದೆ. ಬಸ್ಸಿನ ಹಕ್ಕು ಅವಳ ಜೊತೆ ತವರಿಗೆ ಬಂತು, ಅಕ್ಕಿಯ ಹಕ್ಕು ಗಂಡನ ಮನೆಯಲ್ಲೇ ಉಳಿಯಿತು.

ಎರಡು ಜಡೆ
"ತವರಿಗೆ ಬಂತು" ಎಂದಿರಿ. ಹಾಗಾದರೆ ನಿಮ್ಮ ತಾಯಿಯ ಚೀಟಿಗೆ ಹೆಸರು ಸೇರಿಸಿ. ಆಗ ಎರಡು ಸಾವಿರ ನಿಮ್ಮ ತಾಯಿಗೆ ಬರುತ್ತದೆ, ತಂಗಿಗಲ್ಲ. ಅದಕ್ಕೆ ಒಪ್ಪಿಗೆಯೇ?

ಹೊಳೆಸಾಲು
ತಾಯಿಗೆ ಈಗಾಗಲೇ ಬರುತ್ತಿದೆ.

ಎರಡು ಜಡೆ
ನೋಡಿದಿರಾ? ಅಲ್ಲಿ ಅತ್ತೆ ಪಡೆದರೆ ಅನ್ಯಾಯ, ಇಲ್ಲಿ ಅಮ್ಮ ಪಡೆದರೆ ನ್ಯಾಯ.

ನಿವೃತ್ತ ಗುಮಾಸ್ತ
ತಂಗಿಗೆ ಎಷ್ಟು ವಯಸ್ಸು? ನಲವತ್ತು ದಾಟಿದ ಅವಿವಾಹಿತರಿಗೆ, ವಿಚ್ಛೇದಿತರಿಗೆ ಮನಸ್ವಿನಿ ಪಿಂಚಣಿ 800 ರೂಪಾಯಿ ಇದೆ.

ಹೊಳೆಸಾಲು
ಮೂವತ್ತೊಂದು. ವಿಚ್ಛೇದಿತೆಯೂ ಅಲ್ಲ, ಅವಿವಾಹಿತೆಯೂ ಅಲ್ಲ. ಇನ್ನೊಂದು ವಿಷಯ. ಅತ್ತೆ ನಿನ್ನೆ ರಾತ್ರಿ ಫೋನ್ ಮಾಡಿದ್ದರು. ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ ನಡೆಯುತ್ತಿದೆಯಂತೆ, ಬೆರಳು ಒತ್ತದಿದ್ದರೆ ಮೂವರ ಹೆಸರೂ ಹೋಗುತ್ತದಂತೆ. "ಮಕ್ಕಳನ್ನು ಕರೆದುಕೊಂಡು ಬಂದು ಹೆಬ್ಬೆಟ್ಟು ಒತ್ತಿ ಹೋಗು" ಎಂದರು. ಹೋಗಬೇಕೇ, ಬೇಡವೇ?

ನಿವೃತ್ತ ಗುಮಾಸ್ತ
ಹೋಗಬೇಡಿ! ಹೆಸರು ತಾನಾಗಿ ಬಿದ್ದುಹೋದರೆ ಹೊಸ ಚೀಟಿಗೆ ಇದ್ದ ಅಡ್ಡಿಯೇ ಹೋಯಿತು.

ಕರಿಕೋಟು
ಹೋಗಿ! ಹೊಸ ಚೀಟಿಯ ಅರ್ಜಿ ಎಂದು ತೆಗೆದುಕೊಳ್ಳುತ್ತಾರೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮಕ್ಕಳ ಹೆಸರು ಯಾವ ಚೀಟಿಯಲ್ಲೂ ಇಲ್ಲದಂತಾದರೆ?

ಅಂಕಿಅಂಶ
ಇಬ್ಬರು ಅನುಭವಿಗಳು, ಎರಡು ಉತ್ತರ.

ಹೊಳೆಸಾಲು
ಶನಿವಾರ ಕೊನೆಯ ದಿನವಂತೆ.

ಜೋಳದ ರೊಟ್ಟಿ
ವಕೀಲರೇ, 29(2)ಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.