ಪದಚರ್ಚೆ: ‘ವೇಯ್ಟ್’ ಅಂದರೆ ತೂಕವೋ ಭಾರವೋ? ‘ಅಥೆಂಟಿಕೇಷನ್’ ಅಂದರೆ ದೃಢೀಕರಣವೇ?

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಇಂಜಿನಿಯರಿಂಗ್ ಓದುವ ಅಕ್ಕನ ಮಗ ತನ್ನ ಪ್ರಾಜೆಕ್ಟಿನ ಎರಡು ಪುಟ ಕೊಟ್ಟು, ‘ಮಾಮ, ಇದನ್ನ ಕನ್ನಡ ಮಾಡಿಕೊಡು, ಅಪ್ಪ ಓದಬೇಕಂತೆ’ ಎಂದ. ದೂರದಿಂದ ಲಾಗಿನ್ ಆಗುವವರಿಗೆ ಪಾಸ್‌ವರ್ಡ್, ಓಟಿಪಿ, ಸ್ಮಾರ್ಟ್‌ಕಾರ್ಡ್ ಇವುಗಳಲ್ಲಿ ಯಾವುದು ವಾಸಿ ಎಂದು ಲೆಕ್ಕ ಹಾಕಿ ಹೇಳುವ ಕೆಲಸ. ಅರ್ಧ ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಎರಡು ಪದಗಳ ಮುಂದೆ ವಾರದಿಂದ ಕೂತಿದ್ದೇನೆ.

ಮೊದಲನೆಯದು ‘ವೇಯ್ಟ್’. ಭದ್ರತೆ, ಸುಲಭ ಬಳಕೆ, ಖರ್ಚು, ಈ ಮೂರರಲ್ಲಿ ಯಾವುದನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಎನ್ನುವ ಸಂಖ್ಯೆ. ‘ಭದ್ರತೆಯ ಭಾರ 0.65’ ಎಂದು ಬರೆದೆ. ಓದಿದ ಭಾವ, ‘ಯಾರ ಮೇಲೆ ಬಿತ್ತಪ್ಪ ಈ ಭಾರ?’ ಎಂದರು. ಅವರದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗ ಚೀಟಿಯಲ್ಲಿ ಬರುವುದು ತೂಕ, ಹಮಾಲರ ಬೆನ್ನ ಮೇಲಿರುವುದು ಭಾರ. ಅಲ್ಲಿಗೆ ‘ಭಾರ’ ಹೊಡೆದು ಹಾಕಿದೆ.

‘ತೂಕ’ವೇ ಸರಿ ಅನ್ನಲು ಲೆಕ್ಕದೊಳಗೂ ಕಾರಣ ಇದೆ. ಹುಡುಗ ಬಳಸಿದ್ದು ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಬೆಳೆಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನ. ಎರಡೆರಡೇ ಅಂಶಗಳನ್ನು ಎದುರುಬದುರು ಇಟ್ಟು, ಯಾವುದು ಎಷ್ಟು ಹೆಚ್ಚು ಎಂದು 1ರಿಂದ 9ರ ಒಳಗೆ ಹೇಳಬೇಕು. ಭದ್ರತೆ ಬಳಕೆಗಿಂತ 3 ಪಟ್ಟು, ಖರ್ಚಿಗಿಂತ 5 ಪಟ್ಟು, ಬಳಕೆ ಖರ್ಚಿಗಿಂತ 2 ಪಟ್ಟು ಮುಖ್ಯ ಎಂದರೆ, ಈ ಮೂರರ ತೂಕ ಕ್ರಮವಾಗಿ ಸುಮಾರು 0.65, 0.23, 0.12 ಬರುತ್ತದೆ. ಒಟ್ಟು 1. ಕಲ್ಲಿಲ್ಲದೆ, ಸಾಮಾನಿಗೆ ಸಾಮಾನನ್ನೇ ಇಟ್ಟು ತೂಗುವ ತಕ್ಕಡಿ ಇದು. ‘ಅಳೆದು ತೂಗಿ’ ಎನ್ನುವ ನಮ್ಮ ಮಾತಿಗೆ ಇಷ್ಟು ಹತ್ತಿರ ಬಂದ ಗಣಿತ ನಾನು ನೋಡಿಲ್ಲ.

‘ಪ್ರಾಮುಖ್ಯ’ ಎಂದರೆ ಏನು ಕಷ್ಟ ಅಂತ ಕೇಳಬಹುದು. ತೂಕ ಕಂಡುಹಿಡಿಯುವ ಇನ್ನೊಂದು ದಾರಿಯಾದ ಎಂಟ್ರೊಪಿ ವಿಧಾನದಲ್ಲಿ ಅದು ಕೆಡುತ್ತದೆ. ಅಲ್ಲಿ ತೂಕವನ್ನು ಯಾರೂ ಕೊಡುವುದಿಲ್ಲ, ಅಂಕಿಗಳು ಒಂದಕ್ಕೊಂದು ಎಷ್ಟು ಬೇರೆ ಎನ್ನುವುದರಿಂದಲೇ ಬರುತ್ತದೆ. ಪಾಸ್‌ವರ್ಡ್, ಓಟಿಪಿ, ಸ್ಮಾರ್ಟ್‌ಕಾರ್ಡ್ ಮೂರಕ್ಕೂ ಒಂದೇ ಖರ್ಚು ಎಂದಾದರೆ ಖರ್ಚಿನ ತೂಕ ಸೊನ್ನೆ. ಖರ್ಚು ಮುಖ್ಯವಲ್ಲ ಅಂತಲ್ಲ, ಆಯ್ಕೆಗೆ ಅದರಿಂದ ಉಪಯೋಗ ಇಲ್ಲ ಅಷ್ಟೇ.

ಇನ್ನು ಅಂಶಗಳಿಗೆ ತೂಕ ಕೊಡುವುದಕ್ಕೆ ಕ್ರಿಯಾಪದ. ‘ತೂಕ ಹಾಕು’ ಎಂದರೆ ತಕ್ಕಡಿಗೇ ಹೋಗುತ್ತದೆ. ‘ಬೆಲೆ ಕಟ್ಟು’ ಇರುವಂತೆ ‘ತೂಕ ಕಟ್ಟು’ ಎನ್ನಬಹುದೇ? ನಮ್ಮೂರಲ್ಲಿ ಅಂಗಡಿಗೆ ಹೋಗಿ ‘ಕಾಲು ಕೆಜಿ ಖಾರ ಕಟ್ರಿ’ ಅನ್ನುತ್ತೇವೆ, ಅದೇ ಭಯ.

ಎರಡನೆಯದು ನಿಜವಾದ ತಕರಾರು. ಲಾಗಿನ್ ಆಗುವವರು ಅವರೇ ಹೌದೇ ಎಂದು ನೋಡುವ ‘ಅಥೆಂಟಿಕೇಷನ್’ಗೆ ಎಲ್ಲ ಕಡೆ ‘ದೃಢೀಕರಣ’ ಎಂದಿದೆ. ಆದರೆ ಇಲ್ಲಿ ಯಾರನ್ನೇ ಕೇಳಿ, ದೃಢೀಕರಣ ಎಂದರೆ ಜೆರಾಕ್ಸ್ ಪ್ರತಿಯ ಮೇಲೆ ಅಧಿಕಾರಿ ಹಾಕುವ ಸೀಲು, ಸಹಿ. ಅಲ್ಲಿ ನನ್ನ ಕಾಗದದ ಪರವಾಗಿ ಮೂರನೆಯವರು ಹೇಳುತ್ತಾರೆ. ಇಲ್ಲಿ ನಾನೇ ನಾನು ಎಂದು ತೋರಿಸಬೇಕು.

ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ. ‘ಯಾರು?’ ಅಂದರೆ ‘ನಾನು, ಬಸಣ್ಣ’. ಇದು ಗುರುತು ಹೇಳುವುದು. ದನಿ ಕೇಳಿ ಹೌದು ಬಸಣ್ಣನೇ ಎನ್ನುವುದು ಅಥೆಂಟಿಕೇಷನ್. ಪಡಸಾಲೆವರೆಗೆ ಬಿಡುವುದೋ ಅಡುಗೆಮನೆಗೂ ಬಿಡುವುದೋ ಎನ್ನುವುದು ಆಥರೈಸೇಷನ್, ಅದಕ್ಕೆ ‘ಅನುಮತಿ’ ಸಾಕು. ದೂರದಿಂದ ಅಂದಾಗ ನಡುವೆ ಇನ್ನೊಬ್ಬ ನಿಂತು ಕೇಳಿಸಿಕೊಂಡು, ನಾಳೆ ಅದನ್ನೇ ಹೇಳಬಹುದು. ಅದಕ್ಕೇ 1981ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್, ಪ್ರತಿ ಸಲ ಬೇರೆ ಪಾಸ್‌ವರ್ಡ್ ಬರುವ ಉಪಾಯ ತೋರಿಸಿದ್ದು. (ಮೂಲದ ‘ರಿಮೋಟ್ ಯೂಸರ್’ ಅನ್ನು ‘ದೂರದ ಬಳಕೆದಾರ’ ಎಂದು ಮಾತ್ರ ಮಾಡಬೇಡಿ, ದೂರದ ನೆಂಟನ ಹಾಗೆ ಕೇಳುತ್ತದೆ.)

ನಾನು ‘ಗುರುತು ಖಾತ್ರಿ’ ಎಂದು ಬರೆದಿದ್ದೇನೆ. ಭಾವ ಅದಕ್ಕೂ ತಗಾದೆ ತೆಗೆದರು: ‘ಉದ್ಯೋಗ ಖಾತ್ರಿ ಇದ್ದಂಗೆ, ಗುರುತಿಗೂ ಸರ್ಕಾರದ ಗ್ಯಾರಂಟಿನಾ?’ ನಿಮ್ಮ ಕಡೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿ ‘ನೀವೇನಾ’ ಎಂದು ನೋಡುವುದಕ್ಕೆ ಜನ ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಬಾಯಲ್ಲಿರುವುದನ್ನು ಬರೆಯಿರಿ.